ನಾವಾತ್ಲ್, ಮಾಯಾ ಭಾಷೆಗಳ ಅಧ್ಯಯನವನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಭಾಷಾಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ವಯಸ್ಸು 23. ಎರಡು ವರ್ಷದಿಂದ ಮೆಕ್ಸಿಕೊದ ನಾವಾತ್ಲ್ ಮತ್ತು ಗ್ವಾಟೆಮಾಲಾದ ಮಾಯಾ ಭಾಷೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಎರಡನ್ನೂ ಸೇರಿಸಿ ಪಿಎಚ್.ಡಿ. ಮಾಡುವ ಆಸೆ. ಸ್ಪ್ಯಾನಿಷ್ ಮೊಬೈಲ್ ಆ್ಯಪ್‌ನಲ್ಲಿ ಕಲಿತಷ್ಟೇ ಬರುತ್ತದೆ. ಮನೆಯಲ್ಲಿ ‘ಸತ್ತ ಭಾಷೆ ಕಲಿತು ಏನು ಮಾಡುತ್ತೀಯ, ನೆಟ್ ಪಾಸು ಮಾಡಿಕೊಂಡು ಇಲ್ಲೇ ಕೆಲಸ ನೋಡಿಕೋ’ ಅನ್ನುತ್ತಾರೆ. ಮಾಯಾ ಶಾಸನಗಳಲ್ಲಿ ಇನ್ನೂ ಓದಲಾಗದೆ ಉಳಿದದ್ದನ್ನು ಓದಬೇಕೆಂಬ ಹಂಬಲವೂ ಇದೆ. ಆ ಭಾಷೆಗಳಿಗೂ ದ್ರಾವಿಡಕ್ಕೂ ನಂಟಿದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ, ಅದನ್ನೇ ಸಂಶೋಧನೆಯ ವಿಷಯ ಮಾಡಿಕೊಳ್ಳಬಹುದೇ? ಇಲ್ಲಿಂದ ಹೋದವರನ್ನು ಅಲ್ಲಿನ ಜನ ಹತ್ತಿರ ಸೇರಿಸುತ್ತಾರೆಯೇ? ಹೊಟ್ಟೆಪಾಡು ನಡೆಯುತ್ತದೆಯೇ? ಮುಂದಿನ ಎರಡು ವರ್ಷ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಅಳುಕು ಒಂದೇ. ಎಂಟು-ಹತ್ತು ವರ್ಷ ಇದಕ್ಕೇ ಕೊಟ್ಟ ಮೇಲೆ ಕೈಗೆ ಏನೂ ಹತ್ತದೆ ಹೋದರೆ? ಈ ಅಳುಕಿಗೆ ಕಾರಣವಿದೆ. ‘ನಾವಾತ್ಲ್ ಭಾಷಾಶಾಸ್ತ್ರಜ್ಞರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಇಡೀ ಜಗತ್ತಿನಲ್ಲೇ ಅಪರೂಪ. ಹುದ್ದೆಗಳು ಬರುವುದು ವಾಕ್ಯರಚನೆ, ಧ್ವನಿವಿಜ್ಞಾನ, ಭಾಷಾ ದಾಖಲೀಕರಣ ಎಂಬ ಹೆಸರುಗಳಲ್ಲಿ. ಆ ಹುದ್ದೆಗೆ ನೀವು ಅರ್ಹರಾಗಿದ್ದು, ನಿಮ್ಮ ಕೆಲಸ ನಾವಾತ್ಲ್ ಅಥವಾ ಗ್ವಾಟೆಮಾಲಾದ ಮಾಯಾ ಭಾಷೆಗಳಲ್ಲೊಂದಾದ ಕಿಚೆಯ ಮೇಲಿದ್ದರೆ ಆಗ ಬಾಗಿಲು ತೆರೆಯುತ್ತದೆ. ಆದ್ದರಿಂದ ಮೊದಲು ಗಟ್ಟಿ ಭಾಷಾಶಾಸ್ತ್ರಜ್ಞರಾಗಿ. ಎರಡು ಕುಟುಂಬಗಳನ್ನು ಬಿಟ್ಟು ಒಂದನ್ನು, ಅದರಲ್ಲೂ ಒಂದು ಸೀಮೆಯ ಒಂದು ನುಡಿಯನ್ನು ಹಿಡಿಯಿರಿ. ಕಲಿಯುವ ಕೈಕೆಲಸ ಮಾತ್ರ ಯಾವ ಭಾಷೆಗೂ ಸಲ್ಲುವಂತಿರಲಿ.

‘ಸತ್ತ ಭಾಷೆ’ ಎಂಬ ಮಾತನ್ನು ಮೊದಲು ಮನೆಯವರ ಮನಸ್ಸಿನಿಂದ ತೆಗೆಯಬೇಕು. ಮೆಕ್ಸಿಕೊದ 2020ರ ಜನಗಣತಿಯಲ್ಲಿ ನಾವಾತ್ಲ್ ಆಡುವವರು ಸುಮಾರು 16.5 ಲಕ್ಷ. ಯುಕಾಟನ್ ಪರ್ಯಾಯದ್ವೀಪದ ಮಾಯಾ ಭಾಷೆಗೆ 7.7 ಲಕ್ಷ, ಚಿಯಾಪಾಸ್ ರಾಜ್ಯದ ತ್ಸೆಲ್ತಾಲ್ ಮತ್ತು ತ್ಸೋತ್ಸಿಲ್ ಭಾಷೆಗಳಿಗೆ ತಲಾ 5.5 ಲಕ್ಷಕ್ಕಿಂತ ಹೆಚ್ಚು ಮಂದಿ. ಗ್ವಾಟೆಮಾಲಾದಲ್ಲಿ ಕಿಚೆ, ಕೆಕ್ಚಿ ಎರಡನ್ನೂ ಹತ್ತು ಹತ್ತು ಲಕ್ಷಕ್ಕೂ ಮಿಕ್ಕಿ ಆಡುತ್ತಾರೆ. ನಮ್ಮಲ್ಲಿ 2011ರ ಜನಗಣತಿಯ ಪ್ರಕಾರ ತುಳು ಮಾತಾಡುವವರು 18.5 ಲಕ್ಷ, ಕೊಡವ ತಕ್ಕ್ ಆಡುವವರು 1.1 ಲಕ್ಷ ಎಂಬುದನ್ನು ಪಕ್ಕದಲ್ಲಿಟ್ಟು ಹೇಳಿದರೆ ಅಳತೆ ಸಿಗುತ್ತದೆ. ಇದರರ್ಥ ಎಲ್ಲವೂ ಕ್ಷೇಮ ಎಂದೂ ಅಲ್ಲ. ಗ್ವಾಟೆಮಾಲಾದ ಪೆತೆನ್ ಪ್ರಾಂತ್ಯದ ಇತ್ಸಾ ಭಾಷೆ ಬೆರಳೆಣಿಕೆಯ ಹಿರಿಯರ ಬಾಯಲ್ಲಷ್ಟೇ ಇದೆ. ಲಕ್ಷಾಂತರ ಜನ ಆಡುವ ಭಾಷೆಗಳಲ್ಲೂ ಪಟ್ಟಣ ಸೇರಿದ ತಂದೆತಾಯಿ ಮಕ್ಕಳೊಂದಿಗೆ ಸ್ಪ್ಯಾನಿಷ್‌ಗೆ ಹೊರಳುತ್ತಿದ್ದಾರೆ. ಶಾಲೆಯಲ್ಲಿ ಹೊಡೆಸಿಕೊಂಡ, ಪೇಟೆಯಲ್ಲಿ ಹೀಯಾಳಿಸಿಕೊಂಡ ಅನುಭವ ಅದರ ಹಿಂದಿದೆ. ಜನಸಂಖ್ಯೆ ದೊಡ್ಡದಿದ್ದೂ ಒಂದು ಊರಿನ ಶಾಲೆಯ ಅಂಗಳದಲ್ಲಿ ಆ ಭಾಷೆ ಕೇಳಿಸದಿರುವುದು ಸಾಧ್ಯ. ಊರು ಆರಿಸಿಕೊಳ್ಳುವಾಗ ಜನಗಣತಿಗಿಂತ ಆ ಅಂಗಳವನ್ನು ನೋಡಬೇಕು.

ಎರಡೂ ಭಾಷೆಗಳನ್ನು ಒಟ್ಟಿಗೆ ಎತ್ತಿಕೊಳ್ಳುವ ಆಸೆ ಈ ಕ್ಷೇತ್ರಕ್ಕೆ ಬರುವ ಬಹುಪಾಲು ಜನರಿಗೆ ಇರುತ್ತದೆ. ನಾವಾತ್ಲ್ ಅಜ್ಟೆಕರ ಭಾಷೆ; ‘ಅಜ್ಟೆಕ್-ಮಾಯಾ’ ಎಂದು ಜೋಡಿಯಾಗಿ ಓದಿ ಬೆಳೆದದ್ದೇ ಕಾರಣ. ನಾವಾತ್ಲ್ ಸೇರುವುದು ಯೂಟೊ-ಅಜ್ಟೆಕನ್ ಕುಟುಂಬಕ್ಕೆ. ಅದರ ನೆಂಟರು ಅಮೆರಿಕದ ಹೋಪಿ, ಕಮಾಂಚಿ, ದಕ್ಷಿಣ ಪಾಯೂಟ್. ಮಾಯಾ ಎಂಬುದು ಸುಮಾರು ಮೂವತ್ತು ಭಾಷೆಗಳ ಬೇರೆಯದೇ ಕುಟುಂಬ. ಎರಡರ ಒಳಗಟ್ಟು ಎಷ್ಟು ಬೇರೆ ಎಂಬುದನ್ನು ಎರಡು ವಾಕ್ಯಗಳಲ್ಲೇ ಕಾಣಬಹುದು. ‘ನೀನು ಮಲಗುತ್ತೀಯ’ ಎನ್ನುವುದಕ್ಕೆ ಕಿಚೆಯಲ್ಲಿ ‘ಕಟ್ವಾರಿಕ್’, ‘ನಾನು ನಿನ್ನನ್ನು ನೋಡುತ್ತೇನೆ’ ಎನ್ನುವುದಕ್ಕೆ ‘ಕಟಿನ್ವಿಲೊ’. ಎರಡರಲ್ಲೂ ಮೊದಲ ‘ಕ’ ಕ್ರಿಯೆ ಇನ್ನೂ ಮುಗಿದಿಲ್ಲ ಎಂಬುದನ್ನು ಸೂಚಿಸುತ್ತದೆ, ಮುಂದಿನ ‘ಅಟ್’ ಎದುರಿಗಿರುವ ವ್ಯಕ್ತಿಯನ್ನು. ಅಂದರೆ ಮಲಗುವ ‘ನೀನು’ ಮತ್ತು ನೋಡಿಸಿಕೊಳ್ಳುವ ‘ನಿನ್ನನ್ನು’ ಎರಡಕ್ಕೂ ಒಂದೇ ರೂಪ. ನೋಡುವ ‘ನಾನು’ ಬೇರೆ ಸಾಲಿನ ಪ್ರತ್ಯಯವಾದ ‘ಇನ್ವ್’ ಆಗಿ ಬರುತ್ತದೆ. ಅದೇ ಮಾತು ನಾವಾತ್ಲ್‌ನಲ್ಲಿ ‘ತಿಕೊಚಿ’, ‘ನಿಮಿತ್ಸಿತ್ತ’. ಇಲ್ಲಿ ಮಲಗುವ ನೀನು ‘ತಿ’, ನೋಡಿಸಿಕೊಳ್ಳುವ ನೀನು ‘ಮಿತ್ಸ್’. ಕನ್ನಡದ ಹಾಗೆ ಕರ್ತೃವಿಗೊಂದು ರೂಪ, ಕರ್ಮಕ್ಕೊಂದು ರೂಪ. ಮೊದಲನೆಯ ಬಗೆಯ ವ್ಯವಸ್ಥೆಯ ಒಳಸುಳಿಗಳೇ ಒಂದು ಪಿಎಚ್.ಡಿ.ಗೆ ಸಾಕು. ಇನ್ನೊಂದು ಕುಟುಂಬವನ್ನೂ ಅದರ ಜೊತೆಗೆ ಹೊತ್ತರೆ ಎರಡೂ ಅರೆಬರೆಯಾಗುತ್ತವೆ.

ನಾವಾತ್ಲ್ ಅನ್ನುವುದೂ ಒಂದೇ ನುಡಿಯಲ್ಲ. ಮೆಕ್ಸಿಕೊದ ರಾಷ್ಟ್ರೀಯ ಮೂಲನಿವಾಸಿ ಭಾಷಾ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅದರ 30 ರೂಪಾಂತರಗಳಿವೆ. ಪೂಯೆಬ್ಲಾ ರಾಜ್ಯದ ಉತ್ತರದ ಬೆಟ್ಟಸಾಲಿನ ಕೆಲವು ಊರುಗಳಲ್ಲಿ ಪದದ ಕೊನೆಯ ‘ತ್ಲ್’ ಬರೀ ‘ತ್’ ಆಗಿದೆ, ಇನ್ನು ಕೆಲವು ಕಡೆ ‘ಲ್’. ದೂರದ ಸೀಮೆಗಳವರು ಪರಸ್ಪರ ಮಾತು ತಿಳಿಯದೆ ಸ್ಪ್ಯಾನಿಷ್‌ಗೆ ಹೊರಳುವುದುಂಟು. ಹಾಗಾಗಿ ಅರ್ಜಿಯಲ್ಲಿ ‘ನಾವಾತ್ಲ್ ಅಧ್ಯಯನ ಮಾಡುತ್ತೇನೆ’ ಎಂದು ಬರೆದವರಿಗಿಂತ ‘ಪೂರ್ವ ವಾಸ್ತೆಕಾ ನಾವಾತ್ಲ್‌ನ ಕ್ರಿಯಾಪದದಲ್ಲಿ ದಿಕ್ಕುಸೂಚಕ ಪ್ರತ್ಯಯಗಳು’ (ವಾಸ್ತೆಕಾ ಮೆಕ್ಸಿಕೊದ ಈಶಾನ್ಯದ ಒಂದು ಸೀಮೆ) ಎಂದು ಬರೆದವರ ಕಡೆ ಆಯ್ಕೆ ಸಮಿತಿ ತಿರುಗಿ ನೋಡುತ್ತದೆ.

ಈಗ ದ್ರಾವಿಡ ನಂಟಿನ ವಿಡಿಯೊ. ನಂಟಿಲ್ಲ. ಭಾಷಾಸಂಬಂಧವನ್ನು ಸಾಧಿಸುವುದು ನೂರಾರು ಪದಗಳಲ್ಲಿ ನಿಯಮಬದ್ಧವಾಗಿ ಮರುಕಳಿಸುವ ಧ್ವನಿ ಹೊಂದಾಣಿಕೆಯಿಂದ. ಕನ್ನಡದ ‘ಹ’ಕಾರಕ್ಕೆ ತಮಿಳಿನಲ್ಲಿ ‘ಪ’ಕಾರ ಬರುವುದು ಅಂಥದ್ದು. ಹತ್ತಿಪ್ಪತ್ತು ಪದ ಒಂದೇ ಥರ ಕೇಳಿಸುವುದು ಜಗತ್ತಿನ ಯಾವ ಎರಡು ಭಾಷೆಗಳ ನಡುವೆಯೂ ಸಿಗುತ್ತದೆ. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸ್‌ಗಿಂತ ಮೊದಲೇ ಸಂಪರ್ಕವಿತ್ತು ಎಂಬ ವಾದ 1989ರಲ್ಲಿ ಬಂತು. 1993ರಲ್ಲಿ ಮೆಕ್ಕೆಜೋಳದ ತಜ್ಞರು ಆ ಶಿಲ್ಪಗಳನ್ನು ಪರಿಶೀಲಿಸಿ ಅವು ತೆನೆಗಳಲ್ಲ ಎಂದು ತೋರಿಸಿದರು. ಈ ವಿಷಯವನ್ನು ಪಿಎಚ್.ಡಿ. ಅರ್ಜಿಯಲ್ಲಿ ಎತ್ತಿದರೆ ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ನಿಜವಾದ ನಂಟೊಂದಿದೆ, ಅದು ವಿದ್ವಾಂಸರ ಮೂಲಕ ಬಂದದ್ದು. ನಾವಾತ್ಲ್ ಮತ್ತು ಪಾಯೂಟ್ ಒಂದೇ ಕುಟುಂಬದವು ಎಂದು 1910ರ ದಶಕದಲ್ಲಿ ಗಟ್ಟಿಯಾಗಿ ತೋರಿಸಿದವರು ಅಮೆರಿಕದ ಭಾಷಾಶಾಸ್ತ್ರಜ್ಞ ಎಡ್ವರ್ಡ್ ಸಪೀರ್. ಅವರ ಬಳಿ ಪಳಗಿದ ಎಂ.ಬಿ. ಎಮೆನೊ 1930ರ ದಶಕದಲ್ಲಿ ನೀಲಗಿರಿಯ ತೊದ, ಕೋತ ಮತ್ತು ಕೊಡಗಿನ ಕೊಡವ ಭಾಷೆಗಳನ್ನು ದಾಖಲಿಸಿದರು. ಬೇರೆ ಬೇರೆ ಕುಟುಂಬದ ಭಾಷೆಗಳು ನೆರೆಯಲ್ಲಿ ಬಾಳಿ ಒಂದೇ ಚಹರೆ ಪಡೆಯುತ್ತವೆ ಎಂಬ ‘ಭಾಷಾವಲಯ’ದ ವಿಚಾರವನ್ನು ಅವರು 1956ರಲ್ಲಿ ಭಾರತಕ್ಕೆ ಅನ್ವಯಿಸಿದರು. ಮೂವತ್ತು ವರ್ಷಗಳ ನಂತರ, 1986ರಲ್ಲಿ, ಲೈಲ್ ಕ್ಯಾಂಪ್ಬೆಲ್, ಟೆರೆನ್ಸ್ ಕಾಫ್ಮನ್ ಮತ್ತು ಥಾಮಸ್ ಸ್ಮಿತ್-ಸ್ಟಾರ್ಕ್ ಅದೇ ವಿಚಾರವನ್ನು ಮೆಕ್ಸಿಕೊ, ಗ್ವಾಟೆಮಾಲಾಗಳನ್ನು ಒಳಗೊಂಡ ಮೆಸೊಅಮೆರಿಕಕ್ಕೆ ಹೊಂದಿಸಿ ತೋರಿಸಿದರು. ಇಪ್ಪತ್ತರ ಲೆಕ್ಕದ ಎಣಿಕೆ, ದೇಹದ ಅಂಗಗಳ ಹೆಸರಿನಿಂದ ಬಂದ ‘ಮೇಲೆ’, ‘ಒಳಗೆ’ಯಂಥ ಪದಗಳು, ‘ಅವನ-ನಾಯಿ ಆ ಗಂಡಸು’ ಎನ್ನುವ ಬಗೆಯ ಷಷ್ಠೀ ರಚನೆ ಇವೆಲ್ಲ ನಾವಾತ್ಲ್‌ಗೂ ಮಾಯಾ ಭಾಷೆಗಳಿಗೂ ಸಾಮಾನ್ಯ. ವಿಲಿಯಂ ಬ್ರೈಟ್ ಅವರಂತೂ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಆಡುಗನ್ನಡದ ವ್ಯಾಕರಣ ಪ್ರಕಟಿಸಿ, 1990ರಲ್ಲಿ ನಾವಾತ್ಲ್ ಕಾವ್ಯದ ಜೋಡಿಸಾಲುಗಳ ಬಗ್ಗೆ ಬರೆದವರು. ನಿಮಗೆ ಎರಡೂ ಕುಟುಂಬಗಳನ್ನು ಒಟ್ಟಿಗೆ ನೋಡುವ ಹಂಬಲ ಉಳಿದಿದ್ದರೆ ಅದಕ್ಕೆ ಸರಿಯಾದ ಜಾಗ ಈ ಭಾಷಾವಲಯದ ಪ್ರಶ್ನೆ. ಭಾರತದ ಭಾಷಾವಲಯವನ್ನು ಒಳಗಿನಿಂದ ಬಲ್ಲವರು ಆ ಚರ್ಚೆಗೆ ಹೊಸದನ್ನು ಸೇರಿಸಬಲ್ಲರು. ಆದರೆ ಒಂದು ಭಾಷೆಯನ್ನು ಚೆನ್ನಾಗಿ ತಿಳಿದ ಮೇಲೆ.

ಮಾಯಾ ಶಾಸನಲಿಪಿ ಓದುವುದು ಬೇರೆಯೇ ವೃತ್ತಿ. ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ ಆ ಲಿಪಿಯ ಚಿಹ್ನೆಗಳು ಅಕ್ಷರಗಳ ಉಚ್ಚಾರವನ್ನೂ ಸೂಚಿಸುತ್ತವೆ ಎಂದು ತೋರಿಸಿದ ಮೇಲೆ, ತತಿಯಾನಾ ಪ್ರೊಸ್ಕೂರಿಯಕೊಫ್ 1960ರಲ್ಲಿ ಶಾಸನಗಳಲ್ಲಿರುವುದು ಅರಸರ ಚರಿತ್ರೆ ಎಂದು ಗುರುತಿಸಿದ ಮೇಲೆ, ಹೆಚ್ಚಿನ ಪಠ್ಯಗಳು ಓದಲು ಸಿಕ್ಕಿವೆ. ಉಳಿದ ಕೆಲಸ ಸೂಕ್ಷ್ಮದ್ದು, ನಿಧಾನದ್ದು. ಹುದ್ದೆಗಳು ಪುರಾತತ್ತ್ವ, ಮಾನವಶಾಸ್ತ್ರ, ಕಲಾ ಇತಿಹಾಸದ ವಿಭಾಗಗಳಲ್ಲಿವೆ, ಭಾಷಾಶಾಸ್ತ್ರದಲ್ಲಿ ತೀರಾ ಕಡಿಮೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯ 2014ರಿಂದ ಶಾಸನಭಾಷೆಯ ನಿಘಂಟು ಯೋಜನೆ ನಡೆಸುತ್ತಿದೆ, ಆ ದಾರಿ ಹಿಡಿಯುವುದಾದರೆ ಅಲ್ಲಿಂದ ಹುಡುಕಿ. ಶಾಸನಗಳ ಭಾಷೆ ಮಾಯಾ ಕುಟುಂಬದೊಳಗಿನ ಚೋಲ್ ಗುಂಪಿಗೆ ಹತ್ತಿರದ್ದಾದ್ದರಿಂದ ಅಲ್ಲೂ ಜೀವಂತ ಮಾಯಾ ಭಾಷೆಯೊಂದರ ತಿಳಿವಳಿಕೆ ಇಲ್ಲದೆ ನಡೆಯದು. ನಾವಾತ್ಲ್ ಕಡೆ ಹಳೆಯ ಪಠ್ಯಗಳ ಆಸಕ್ತಿ ಇರುವವರಿಗೆ 16-17ನೇ ಶತಮಾನದಲ್ಲಿ ರೋಮನ್ ಅಕ್ಷರದಲ್ಲಿ ಬರೆದ ಮರಣಶಾಸನ, ಜಮೀನು ಪತ್ರ, ಊರಸಭೆಯ ನಡಾವಳಿಗಳ ದೊಡ್ಡ ರಾಶಿ ಇದೆ. ಅದರ ಉದ್ಯೋಗ ಇತಿಹಾಸ ವಿಭಾಗಗಳಲ್ಲಿ.

ಕನ್ನಡದ ಕಿವಿ ನಿಮಗೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ನಾವಾತ್ಲ್‌ನಲ್ಲಿ ಇ, ಎ, ಅ, ಒ ಎಂಬ ನಾಲ್ಕೇ ಸ್ವರ, ಪ್ರತಿಯೊಂದಕ್ಕೂ ಹ್ರಸ್ವ-ದೀರ್ಘ ಭೇದ. ಹ್ರಸ್ವದ ‘ಮೆತ್ಸ್ತ್ಲಿ’ ಕಾಲು, ದೀರ್ಘದ ‘ಮೇತ್ಸ್ತ್ಲಿ’ ಚಂದ್ರ. ಸ್ಪ್ಯಾನಿಷ್ ಮೂಲದ ಬರಹದಲ್ಲಿ ಎರಡೂ ಒಂದೇ. ವಸಾಹತು ಕಾಲದ ವ್ಯಾಕರಣಕಾರರಲ್ಲಿ ಈ ಭೇದವನ್ನು ಚಿಹ್ನೆ ಹಾಕಿ ಕ್ರಮವಾಗಿ ತೋರಿಸಿದವರೆಂದು ಹೆಸರಾದವರು 1645ರ ಒರಾಸಿಯೊ ಕಾರೋಚಿ. ಯುರೋಪಿನ ವಿದ್ಯಾರ್ಥಿಗಳು ಇದನ್ನು ಕೇಳಿಸಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಎ-ಏ, ಒ-ಓ ಬೇರೆ ಬೇರೆ ಬರೆಯುವ ಲಿಪಿಯಲ್ಲಿ ಬೆಳೆದ ನಿಮಗೆ ಅದು ಹುಟ್ಟಿನಿಂದ ಬಂದದ್ದು. ಕ್ಷೇತ್ರದ ಟಿಪ್ಪಣಿಯನ್ನು ಮೊದಲ ಸುತ್ತಿನಲ್ಲಿ ಕನ್ನಡ ಲಿಪಿಯಲ್ಲೇ ಮಾಡಿಕೊಂಡರೂ ಸ್ವರದಲ್ಲಿ ತಪ್ಪಾಗದು.

ಮಾಯಾ ಭಾಷೆಗಳಲ್ಲಿ ಪರಿಸ್ಥಿತಿ ತಿರುಗುಮುರುಗು. ಗಂಟಲಿನ ಬಾಗಿಲು ಮುಚ್ಚಿ, ಒಳಗಿನ ಗಾಳಿಯನ್ನು ಒತ್ತಿ, ಫಟ್ಟನೆ ಬಿಡುವ ಕ, ತ, ಚ ಧ್ವನಿಗಳಿವೆ. ಕಿಚೆಯಲ್ಲಿ ಸಾದಾ ‘ಕ’ಕಾರದ ‘ಕಕ್’ ಎಂದರೆ ಕೆಂಪು, ಹೀಗೆ ಒತ್ತಿ ಬಿಟ್ಟ ‘ಕ’ಕಾರದ ‘ಕಕ್’ ಎಂದರೆ ಚಿಗಟ. ಕೊನೆಯ ‘ಕ್’ ಕೂಡ ನಮ್ಮ ‘ಕ’ ಅಲ್ಲ, ಕಿರುನಾಲಿಗೆಯ ಹತ್ತಿರ ಹುಟ್ಟುವ ಬೇರೆ ವ್ಯಂಜನ. ಇದನ್ನೆಲ್ಲ ಕನ್ನಡದ ಕಿವಿ ಮಹಾಪ್ರಾಣವೆಂದೋ ಒತ್ತಕ್ಷರವೆಂದೋ ತಪ್ಪಾಗಿ ಹಿಡಿಯುವ ಅಪಾಯವಿದೆ. ಮೂರು ತಿಂಗಳು ದಿನಕ್ಕೆ ಕಾಲು ಗಂಟೆ ಧ್ವನಿಮುದ್ರಿಕೆ ಕೇಳಿ, ನಿಮ್ಮ ಉಚ್ಚಾರವನ್ನು ಮುದ್ರಿಸಿ, ‘ಪ್ರಾಟ್’ ತಂತ್ರಾಂಶದಲ್ಲಿ ಎರಡರ ಅಲೆಚಿತ್ರ ಹೋಲಿಸಿ ನೋಡಿ. ವ್ಯಂಜನ ಸಿಡಿದ ಮೇಲೆ ಸ್ವರ ಆರಂಭವಾಗುವ ಮುನ್ನ ಸಣ್ಣದೊಂದು ನಿಶ್ಶಬ್ದ ಕಾಣಬೇಕು. ಅಲ್ಲಿ ಉಸಿರಿನ ಗುಜುಗುಜು ಕಂಡರೆ ನೀವು ಹೇಳಿದ್ದು ‘ಖ’.

ಅಲ್ಲಿನವರು ಸೇರಿಸಿಕೊಳ್ಳುತ್ತಾರೆಯೇ ಎಂಬುದು ನಿಮ್ಮ ಪತ್ರದ ಅತ್ಯಂತ ಒಳ್ಳೆಯ ಪ್ರಶ್ನೆ. ಇದಕ್ಕೆ ಚರಿತ್ರೆ ಗೊತ್ತಿರಬೇಕು. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಆಂತರಿಕ ಯುದ್ಧದಲ್ಲಿ ಸತ್ತವರು ಮತ್ತು ಕಣ್ಮರೆಯಾದವರು ಸುಮಾರು ಎರಡು ಲಕ್ಷ. ಗುರುತು ಸಿಕ್ಕವರಲ್ಲಿ ಶೇ. 83 ಮಂದಿ ಮಾಯಾ ಜನ. ಅಪರಿಚಿತರೊಬ್ಬರು ಕಾಗದ ಚಾಚಿ ‘ಇಲ್ಲಿ ಸಹಿ ಹಾಕಿ, ನಿಮ್ಮ ಮಾತು ಮುದ್ರಿಸುತ್ತೇನೆ’ ಎಂದರೆ ಹಿರಿಯರು ಹಿಂಜರಿಯುವುದಕ್ಕೆ ಕಾರಣ ಅದು. ಬಾಯಿಮಾತಿನ ಒಪ್ಪಿಗೆಯನ್ನು ಅವರದೇ ಭಾಷೆಯಲ್ಲಿ ಮುದ್ರಿಸಿಕೊಳ್ಳುವ ಪದ್ಧತಿಯನ್ನು ನಿಮ್ಮ ವಿಶ್ವವಿದ್ಯಾಲಯದ ನೀತಿ ಸಮಿತಿಯಿಂದ ಮೊದಲೇ ಒಪ್ಪಿಸಿಕೊಂಡು ಹೋಗಿ.

ಯುದ್ಧ ಮುಗಿಯುವ ಮೊದಲೇ ಮಾಯಾ ವಿದ್ವಾಂಸರು ತಮ್ಮ ಭಾಷೆಯ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. 1987ರಲ್ಲಿ ಏಕರೂಪದ ವರ್ಣಮಾಲೆಗೆ ಸರ್ಕಾರದ ಮನ್ನಣೆ ಸಿಕ್ಕಿತು. 1989ರ ಮಾಯಾ ಭಾಷಾಶಾಸ್ತ್ರ ಕಾರ್ಯಾಗಾರದಲ್ಲಿ ‘ನೀವು ನಮ್ಮ ಭಾಷೆಯಿಂದ ಪದವಿ ಪಡೆದಿರಿ, ನಮಗೇನು ಬಂತು’ ಎಂಬ ಪ್ರಶ್ನೆ ವಿದೇಶಿ ಭಾಷಾಶಾಸ್ತ್ರಜ್ಞರ ಮುಂದೆ ನೇರವಾಗಿ ಬಂತು. 1990ರಲ್ಲಿ ಗ್ವಾಟೆಮಾಲಾ ಮಾಯಾ ಭಾಷಾ ಅಕಾಡೆಮಿ ಕಾನೂನಿನ ಮೂಲಕ ಸ್ಥಾಪನೆಯಾಯಿತು. ಅದೇ ಸುಮಾರಿಗೆ ಅಮೆರಿಕದ ಭಾಷಾಶಾಸ್ತ್ರಜ್ಞೆ ನೋರಾ ಇಂಗ್ಲೆಂಡ್ ಅವರಿಂದ ತರಬೇತಿ ಪಡೆದ ಮಾಯಾ ಯುವಜನರು ಓಕ್ಮಾ ಎಂಬ ಗುಂಪು ಕಟ್ಟಿ ತಮ್ಮ ಭಾಷೆಗಳ ವ್ಯಾಕರಣಗಳನ್ನು ತಾವೇ ಬರೆದರು. ಮೆಕ್ಸಿಕೊದಲ್ಲಿ 2003ರ ಭಾಷಾ ಹಕ್ಕು ಕಾಯ್ದೆ ಬಂದ ಮೇಲೆ ಅಲ್ಲಿಯೂ ಮನೆಮಾತಿನವರೇ ಸಂಶೋಧಕರಾಗುವುದು ಹೆಚ್ಚಿದೆ. ಇದು ಈ ಕ್ಷೇತ್ರಕ್ಕೆ ಆದ ಅತ್ಯುತ್ತಮ ಸಂಗತಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನವರ ಜಾಗ ಇದರಿಂದ ಬದಲಾಗಿದೆ, ಇಲ್ಲವಾಗಿಲ್ಲ. ಧ್ವನಿ ವಿಶ್ಲೇಷಣೆ, ದತ್ತಾಂಶ ನಿರ್ವಹಣೆ, ಹಳೆಯ ಮುದ್ರಿಕೆಗಳನ್ನು ಊರಿಗೆ ಮರಳಿಸುವುದು, ಪಠ್ಯ ಸಿದ್ಧತೆ ಇವುಗಳಲ್ಲಿ ಕೆಲಸ ಕಲಿತು ಬಂದವರನ್ನು ಕರೆದು ಕೂರಿಸುತ್ತಾರೆ.

ಗ್ವಾಟೆಮಾಲಾದಲ್ಲಾದರೆ ಅಕಾಡೆಮಿಯ ಆಯಾ ಭಾಷಾ ಸಮುದಾಯ ಕಚೇರಿಗೆ, ಮೆಕ್ಸಿಕೊದಲ್ಲಾದರೆ ಊರಿನ ಆಡಳಿತ ಮುಖ್ಯಸ್ಥರಿಗೆ ಮೊದಲ ಭೇಟಿ. ಮೊದಲ ಸಲ ಹೋದಾಗ ರೆಕಾರ್ಡರ್ ಚೀಲದಿಂದ ತೆಗೆಯಬೇಡಿ. ಜೊತೆ ಕೂತು ಕೆಲಸ ಮಾಡುವವರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಿ, ಅಲ್ಲಿನ ಶಾಲಾ ಶಿಕ್ಷಕರ ಗಂಟೆಯ ಗಳಿಕೆಗಿಂತ ಕಡಿಮೆಯಾಗದಂತೆ. ತುಂಬ ಹೆಚ್ಚು ಕೊಟ್ಟರೆ ಊರಿನಲ್ಲಿ ಜಗಳ ಹುಟ್ಟುತ್ತದೆ, ನಂತರ ಬರುವವರಿಗೂ ಕಷ್ಟ. ಕಾಗುಣಿತದ ವಿಷಯದಲ್ಲಿ ಬಾಯಿ ಬಿಗಿ ಇರಲಿ. ನಾವಾತ್ಲ್‌ನ ‘ಕ’ಕಾರವನ್ನು ವಸಾಹತು ಕಾಲದ ಅಕ್ಷರಗಳಿಂದ ಬರೆಯಬೇಕೋ ಹೊಸ ಅಕ್ಷರದಿಂದಲೋ ಎಂಬ ವಾದ ಸಂಸಾರಗಳನ್ನೇ ಒಡೆಯುವಷ್ಟು ಬಿಸಿಯಾಗಬಲ್ಲದು. ನಿಮ್ಮೊಂದಿಗೆ ಕೆಲಸ ಮಾಡುವವರು ಹೇಗೆ ಬರೆಯುತ್ತಾರೋ ಹಾಗೆ ಬರೆಯಿರಿ. ಭಾರತೀಯರೆಂಬ ಕಾರಣಕ್ಕೆ ಆರಂಭದ ಕುತೂಹಲ ನಿಮ್ಮ ಪರವಾಗಿರುತ್ತದೆ. ಅದು ಕೆಲವು ವಾರಗಳ ಮಾತು. ಆಮೇಲೆ ನೀವು ವಿದ್ಯಾರ್ಥಿವೇತನ ಪಡೆದು ಬಂದ ಹೊರಗಿನವರೇ.

ಕೆಲಸ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಒಂದು ನಿಮಿಷದ ಮಾತನ್ನು ಬರೆದು, ಅನುವಾದಿಸಿ, ಪ್ರತ್ಯಯಗಳನ್ನು ಬಿಡಿಸಿ ಗುರುತು ಹಾಕಲು ಹೊಸಬರಿಗೆ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಹತ್ತು ಗಂಟೆ ಮುದ್ರಿಸಿಕೊಂಡರೆ 300ರಿಂದ 600 ಗಂಟೆಗಳ ಕೆಲಸ. ಐವತ್ತು ಗಂಟೆ ಮುದ್ರಿಸಿ ಎರಡು ಗಂಟೆಯನ್ನಷ್ಟೇ ಬಿಡಿಸಿದ ಪ್ರಬಂಧಗಳು ಅರ್ಧದಲ್ಲಿ ನಿಲ್ಲುವುದು ಇಲ್ಲಿಯೇ. ಸ್ಪ್ಯಾನಿಷ್ ವಾಕ್ಯ ಕೊಟ್ಟು ‘ಇದನ್ನು ಹೇಗೆ ಹೇಳುತ್ತೀರಿ’ ಎಂದು ಕೇಳುವುದು ಇನ್ನೊಂದು ಗುಂಡಿ. ಕಿಚೆಯಲ್ಲಿ ಕಥೆ ಹೇಳುವಾಗ ಕ್ರಿಯಾಪದ ಮುಂದೆ ಬರುವುದು ಸಹಜ, ಅನುವಾದ ಕೇಳಿದರೆ ಸ್ಪ್ಯಾನಿಷ್‌ನ ಪದಕ್ರಮವೇ ವಾಪಸು ಬರುತ್ತದೆ. ಆ ವಾಕ್ಯಗಳ ಮೇಲೆ ಕಟ್ಟಿದ ವಿಶ್ಲೇಷಣೆ ನಿಲ್ಲದು. ಮುದ್ರಣ ವೇವ್ ಕಡತದಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ. ಎಂಪಿ3 ಬೇಡವೇ ಬೇಡ, ಒತ್ತಿ ಬಿಟ್ಟ ವ್ಯಂಜನಗಳ ಸಿಡಿತದಂಥ ವಿವರ ಮೊದಲು ಮಸುಕಾಗುವುದು ಅದರಲ್ಲೇ. ತಗಡಿನ ಮನೆಯಲ್ಲಿ ಮಳೆ ಬಂದರೆ ಆ ದಿನದ ಮುದ್ರಣ ಬಿಟ್ಟುಬಿಡಿ. ಪ್ರತಿ ಸಂಜೆ ಮೂರು ಪ್ರತಿ ಮಾಡಿ, ಒಂದು ಬೇರೆ ಮನೆಯಲ್ಲಿರಲಿ.

ಓದುವ ದಾರಿಗಳು ನಾಲ್ಕು. ಅಮೆರಿಕದ ಪಿಎಚ್.ಡಿ. ಐದಾರು ವರ್ಷ, ಶುಲ್ಕ ಮನ್ನಾ ಮತ್ತು ವೇತನ ಎರಡೂ ಸಿಗುವುದು ರೂಢಿ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಈ ಭಾಷೆಗಳಿಗೆ ಹೆಸರುವಾಸಿ, ಲ್ಯಾಟಿನ್ ಅಮೆರಿಕದ ಮೂಲನಿವಾಸಿ ಭಾಷೆಗಳ ದೊಡ್ಡ ಧ್ವನಿ ಸಂಗ್ರಹವೂ ಅಲ್ಲಿದೆ. ಸೀಟು ಕಡಿಮೆ, ವೀಸಾ ಮತ್ತು ಸಂಶೋಧನಾ ಅನುದಾನ ಎರಡೂ ಈಗ ಅನಿಶ್ಚಿತ. ಅಲ್ಲಿನ ಫೆಡರಲ್ ಸರ್ಕಾರದ ವಿದೇಶಿ ಭಾಷಾ ವಿದ್ಯಾರ್ಥಿವೇತನ ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ, ಆದ್ದರಿಂದ ಬೇಸಿಗೆಯ ಭಾಷಾ ಶಿಬಿರಗಳಿಗೆ ವಿಭಾಗದ ಹಣ ಸಿಗುತ್ತದೆಯೇ ಎಂದು ಸೇರುವ ಮೊದಲೇ ಕೇಳಿ.

ಎರಡನೆಯದು ಮೆಕ್ಸಿಕೊ. ಸಿಯೆಸಾಸ್ ಸಂಸ್ಥೆಯ ಅಮೆರಿಂಡಿಯನ್ ಭಾಷಾಶಾಸ್ತ್ರದ ಎಂ.ಎ., ಕೊಲೆಹಿಯೊ ದೆ ಮೆಹಿಕೊ, ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯ. ನಿಮ್ಮ ಹಂಬಲಕ್ಕೆ ಇದೇ ಹತ್ತಿರದ್ದು ಅನ್ನಿಸುತ್ತದೆ. ಸಹಪಾಠಿಗಳೇ ಆ ಭಾಷೆಗಳ ಮನೆಮಾತಿನವರು, ಕ್ಷೇತ್ರ ಬಸ್ಸಿನ ದೂರದಲ್ಲಿ. ಪ್ರವೇಶ ಪರೀಕ್ಷೆ, ಪ್ರಬಂಧ ಎಲ್ಲ ಸ್ಪ್ಯಾನಿಷ್‌ನಲ್ಲಿ. ಪ್ರವೇಶ ಪ್ರತಿ ವರ್ಷವೂ ಇರುತ್ತದೆಂದು ಭಾವಿಸಬೇಡಿ, ಪ್ರಕಟಣೆ ನೋಡಿಕೊಳ್ಳಿ. 180 ದಿನಕ್ಕಿಂತ ಹೆಚ್ಚು ಇರಬೇಕಾದರೆ ವಿದ್ಯಾರ್ಥಿಯ ತಾತ್ಕಾಲಿಕ ನಿವಾಸ ವೀಸಾ ಬೇಕು. ಭಾರತಕ್ಕೆ ಮರಳಿ ಕೆಲಸಕ್ಕೆ ಸೇರುವಾಗ ಪದವಿಯ ಸಮಾನತಾ ಪತ್ರದ ಓಡಾಟ ಇರುತ್ತದೆ.

ಮೂರನೆಯದು ಯುರೋಪು: ಬಾನ್, ಪ್ಯಾರಿಸ್‌ನ ಇನಾಲ್ಕೊ, ಲೈಡನ್, ವಾರ್ಸಾ. ಅಲ್ಲಿ ಪಿಎಚ್.ಡಿ. ಸಾಮಾನ್ಯವಾಗಿ ಪ್ರಾಧ್ಯಾಪಕರ ಯೋಜನೆಯೊಂದಕ್ಕೆ ಅಂಟಿದ ಮೂರು-ನಾಲ್ಕು ವರ್ಷದ ಹುದ್ದೆ. ವಿಷಯ ಅವರದು, ಯೋಜನೆ ಮುಗಿದ ದಿನ ಸಂಬಳವೂ ಮುಗಿಯುತ್ತದೆ. ನಾಲ್ಕನೆಯದು ಇಲ್ಲೇ, ನೆಟ್ ಮೂಲಕ ಸಿಗುವ ಸಂಶೋಧನಾ ವೇತನವಾದ ಜೆಆರ್‌ಎಫ್ ಪಡೆದು ಕರ್ನಾಟಕದ ಭಾಷೆಯೊಂದರ ಮೇಲೆ ಪಿಎಚ್.ಡಿ. ಮಾಡಿ, ಮೆಸೊಅಮೆರಿಕದ ಕೆಲಸವನ್ನು ಆಮೇಲೆ ಸಹಯೋಗದಲ್ಲಿ ಹಿಡಿಯುವುದು. ಹಣದ ಮಟ್ಟಿಗೆ ಅತ್ಯಂತ ಸುರಕ್ಷಿತ, 2023ರಿಂದ ತಿಂಗಳಿಗೆ 37,000 ರೂಪಾಯಿ. ನಿಮ್ಮ ಮೂಲ ಆಸೆ ಮುಂದಕ್ಕೆ ಹೋಗುತ್ತದೆ, ಹೋದದ್ದು ಮರಳದೆಯೂ ಇರಬಹುದು.

ಹೊಟ್ಟೆಪಾಡಿನ ವಿಷಯ. ಪಿಎಚ್.ಡಿ. ನಂತರ ಒಂದರಿಂದ ಮೂರು ವರ್ಷದ ತಾತ್ಕಾಲಿಕ ಹುದ್ದೆಗಳಲ್ಲಿ ದೇಶ ದೇಶ ಅಲೆಯುವುದು ಸಾಮಾನ್ಯ, ಕಾಯಂ ಹುದ್ದೆ ಎಲ್ಲರಿಗೂ ಸಿಗದು. ಅಮೆರಿಕದ ವಲಸೆ ನ್ಯಾಯಾಲಯ, ಆಸ್ಪತ್ರೆಗಳಲ್ಲಿ ಕಿಚೆ ಮತ್ತು ಇನ್ನೊಂದು ಮಾಯಾ ಭಾಷೆಯಾದ ಮಾಮ್ ದುಭಾಷಿಗಳಿಗೆ ಬೇಡಿಕೆ ಬಹಳ. ಆ ಕೆಲಸ ಮನೆಮಾತಿನವರದು, ಅದು ಅವರಿಗೇ ಸಲ್ಲಬೇಕು. ದುಭಾಷಿಗಳ ತರಬೇತಿ, ಕಾನೂನು-ವೈದ್ಯಕೀಯ ಪದಕೋಶದಲ್ಲಿ ಭಾಷಾಶಾಸ್ತ್ರಜ್ಞರಿಗೆ ಪಾತ್ರವಿದೆ. ಭಾಷಾ ತಂತ್ರಜ್ಞಾನ ಬೆಳೆಯುತ್ತಿರುವ ದಾರಿ. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ಸೇರಿದ 110 ಭಾಷೆಗಳಲ್ಲಿ ಪೂರ್ವ ವಾಸ್ತೆಕಾ ನಾವಾತ್ಲ್, ಯುಕಾಟೆಕ್ ಮಾಯಾ, ಕೆಕ್ಚಿ, ಮಾಮ್ ಇದ್ದವು, ತುಳುವೂ ಇತ್ತು. ಪ್ರತ್ಯಯಗಳು ಸಾಲುಗಟ್ಟಿ ನಿಲ್ಲುವ, ಬರಹದ ಸಾಮಗ್ರಿ ಕಡಿಮೆ ಇರುವ ಭಾಷೆಗೆ ದತ್ತಾಂಶ ಸಿದ್ಧಪಡಿಸಬಲ್ಲವರಿಗೆ ಒಂದು ಖಂಡದ ಅನುಭವ ಇನ್ನೊಂದರಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪೈಥಾನ್ ಪ್ರೋಗ್ರಾಮಿಂಗ್, ಧ್ವನಿಮುದ್ರಿಕೆಗೆ ಬರಹ ಜೋಡಿಸುವ ‘ಎಲಾನ್’, ಪ್ರತ್ಯಯ ಬಿಡಿಸಿ ನಿಘಂಟು ಕಟ್ಟುವ ‘ಫ್ಲೆಕ್ಸ್’ ಈ ಮೂರನ್ನು ಪಿಎಚ್.ಡಿ.ಗೆ ಮೊದಲೇ ಕಲಿಯಿರಿ.

ಮುಂದಿನ ಎರಡು ವರ್ಷದಲ್ಲಿ ಮೊದಲ ಜಾಗ ಸ್ಪ್ಯಾನಿಷ್‌ನದು. ಆ್ಯಪ್ ಸಾಲದು. ಯುರೋಪಿನ ಭಾಷಾ ಅಳತೆಯಲ್ಲಿ ಮೇಲ್ಮಧ್ಯಮ ಹಂತವಾದ ಬಿ2 ಮಟ್ಟಕ್ಕೆ ಸುಮಾರು 500ರಿಂದ 600 ಗಂಟೆಗಳ ಕಲಿಕೆ ಬೇಕು, ದಿನಕ್ಕೆ ಒಂದು ಗಂಟೆಯಾದರೆ ಇಪ್ಪತ್ತು ತಿಂಗಳು. ಶಿಕ್ಷಕರಿರುವ ತರಗತಿ ಸೇರಿ, ಸ್ಪ್ಯಾನಿಷ್ ಪ್ರಮಾಣಪತ್ರದ ಡೆಲೆ ಪರೀಕ್ಷೆ ಬರೆಯಿರಿ. ಒಂದು ವರ್ಷದಲ್ಲಿ ಅದರ ಹಿಂದಿನ ಹಂತವಾದ ಬಿ1 ದಾಟದಿದ್ದರೆ ಅರ್ಜಿಯನ್ನು ಒಂದು ವರ್ಷ ಮುಂದೂಡಿ. ಇದರಲ್ಲಿ ರಿಯಾಯಿತಿ ಬೇಡ, ಈ ಕ್ಷೇತ್ರದ ಅರ್ಧದಷ್ಟು ಬರಹ, ಊರಿನ ಮೊದಲ ಆರು ತಿಂಗಳ ಬದುಕು ಎರಡೂ ಸ್ಪ್ಯಾನಿಷ್‌ನಲ್ಲಿವೆ.

ಜೊತೆಜೊತೆಗೆ ಕರ್ನಾಟಕದಲ್ಲೇ ಒಂದು ಸಣ್ಣ ದಾಖಲೀಕರಣ ಮಾಡಿ. ಸೋಲಿಗ, ಜೇನುಕುರುಬ, ಬ್ಯಾರಿ, ಕೊಡವ ಯಾವುದಾದರೂ ಸರಿ, ಸಮುದಾಯದ ಒಪ್ಪಿಗೆ ಪಡೆದು. ಮೂರು ಗಂಟೆ ಮುದ್ರಿಸಿ, ಅದರಲ್ಲಿ ಅರ್ಧ ಗಂಟೆಯನ್ನು ಪೂರ್ತಿ ಬಿಡಿಸಿ, ಪ್ರತಿಯನ್ನು ಆ ಜನರಿಗೆ ಕೊಡಿ. ಅದರಿಂದ ಹುಟ್ಟುವ 15-20 ಪುಟದ ವಿಶ್ಲೇಷಣೆ ನಿಮ್ಮ ಪಿಎಚ್.ಡಿ. ಅರ್ಜಿಯ ಬರಹದ ಮಾದರಿ. ನಾವಾತ್ಲ್ ಬಗ್ಗೆ ಪುಸ್ತಕ ಓದಿ ಬರೆದ ಪ್ರಬಂಧಕ್ಕಿಂತ ಸ್ವಂತ ದತ್ತಾಂಶದ ಬರಹಕ್ಕೆ ತೂಕ ಹೆಚ್ಚು. ಆ ಅರ್ಧ ಗಂಟೆಯನ್ನು ಬಿಡಿಸುವಾಗ ನಿಮಗೆ ಬೇಸರವೇ ಬಂದರೆ ಈ ವೃತ್ತಿ ಬೇಡ, ದಿನನಿತ್ಯದ ಕೆಲಸ ಅದೇ.

ಎರಡನೆಯ ವರ್ಷ ನಾವಾತ್ಲ್ ಅಥವಾ ಮಾಯಾ ಭಾಷೆಯ ಕಲಿಕೆ ಶುರು ಮಾಡಿ. ಮೆಕ್ಸಿಕೊದ ಸಕಾಟೆಕಾಸ್‌ನ ಇದಿಯೆಸ್ ಸಂಸ್ಥೆ ಪೂರ್ವ ವಾಸ್ತೆಕಾ ನಾವಾತ್ಲ್ ಅನ್ನು ಮನೆಮಾತಿನ ಶಿಕ್ಷಕರಿಂದ ಕಲಿಸುತ್ತದೆ. ಗ್ವಾಟೆಮಾಲಾದ ಆಂಟಿಗುವಾದಲ್ಲಿರುವ ಫ್ರಾನ್ಸಿಸ್ಕೊ ಮರೊಕಿನ್ ಭಾಷಾ ಯೋಜನೆಯ ಶಾಲೆಯಲ್ಲಿ ಮಾಯಾ ಭಾಷೆಗಳಿಗೆ ಒಬ್ಬರಿಗೊಬ್ಬ ಶಿಕ್ಷಕರ ಪದ್ಧತಿ ಇದೆ. ಎರಡು ಕುಟುಂಬಗಳ ನಡುವೆ ಆಯ್ಕೆ ಕಷ್ಟವಾದರೆ ಎರಡರಲ್ಲೂ ಎಂಟು ವಾರ ಕಲಿತು ನೋಡಿ, ಯಾವುದರ ಪಾಠದ ಅಭ್ಯಾಸವನ್ನು ಯಾರೂ ಹೇಳದೆ ಮಾಡುತ್ತೀರೋ ಅದನ್ನು ಉಳಿಸಿಕೊಳ್ಳಿ.

ನೆಟ್ ಪರೀಕ್ಷೆಯನ್ನೂ ಬರೆಯಿರಿ. ಮನೆಯವರ ಮಾತಿನಲ್ಲಿ ಸತ್ಯವಿದೆ, ಅದರ ತಯಾರಿ ನಿಮ್ಮ ಭಾಷಾಶಾಸ್ತ್ರದ ಬುಡವನ್ನೂ ಗಟ್ಟಿ ಮಾಡುತ್ತದೆ. ಅಮೆರಿಕದ ಅರ್ಜಿಗಳ ಕೊನೆಯ ದಿನಾಂಕ ಸಾಮಾನ್ಯವಾಗಿ ಡಿಸೆಂಬರ್. ಮಾರ್ಗದರ್ಶಕರಿಗೆ ಸೆಪ್ಟೆಂಬರ್‌ನಲ್ಲಿ ಪತ್ರ ಬರೆಯಿರಿ, ಮೂರೇ ಪ್ಯಾರಾ: ನೀವು ಮಾಡಿದ ದಾಖಲೀಕರಣ ಮತ್ತು ಅದರಲ್ಲಿ ಕಂಡದ್ದು, ಹಿಡಿಯಬೇಕೆಂದಿರುವ ಒಂದು ನುಡಿ ಮತ್ತು ಒಂದು ಪ್ರಶ್ನೆ, ಅವರು ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆಯೇ ಎಂಬ ವಿಚಾರಣೆ. ಮೆಕ್ಸಿಕೊದವರಿಗಾದರೆ ಸ್ಪ್ಯಾನಿಷ್‌ನಲ್ಲೇ ಬರೆಯಿರಿ, ತಪ್ಪುಗಳಿದ್ದರೂ ಪರವಾಗಿಲ್ಲ.